ಮಾವನ ಸೌಟು, ನನ್ನ ಮಿಲಿಟರಿ ಟಾರ್ಚು

ಬಯಲಲ್ಲಿ ಒಲೆ ಹೂಡಿ ಅಡುಗೆ ಮಾಡುವವರು ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ಅವೇ ದಾರಿ ಕೇಳಿಕೊಂಡು ಬರುತ್ತವೆ. ತೊಂದರೆ ಏನೆಂದರೆ, ಅವು ಬಂದ ಹೊತ್ತಿಗೆ ಕೈಯಲ್ಲಿ ಸೌಟು ಇರುತ್ತದೆ, ಒಲೆಯ ಮೇಲೆ ಊರಿನ ಊಟ ಇರುತ್ತದೆ, ನಗುವುದಕ್ಕೆ ಪುರುಸೊತ್ತು ಇರುವುದಿಲ್ಲ. ಅದಕ್ಕೇ ಈಗ ಬಿಡುವು ಮಾಡಿಕೊಂಡು ಕೂತು ಹೇಳುತ್ತಿದ್ದೇನೆ. ಕೇಳಿದವರು ಧಾರಾಳವಾಗಿ ನಗಬಹುದು. ನನಗೆ ಮಾತ್ರ ಕೆಲವು ಕಡೆ ಈಗಲೂ ನಗು ಬರುವುದಿಲ್ಲ.

ನಮ್ಮದು ಹೊಳಲ್ಕೆರೆ. ನನ್ನ ಮಾವನ ಜೊತೆ ಅಡುಗೆ ಕೆಲಸ ಮಾಡುತ್ತೇನೆ. ಮಾವ ಎಂದರೆ ಮೊದಲು ನನ್ನ ತಾಯಿಯ ತಮ್ಮ, ಆಮೇಲೆ ನನ್ನ ಹೆಂಡತಿಯ ಅಪ್ಪ. ಹೀಗಾಗಿ ನನ್ನನ್ನು ಬೈಯುವ ಹಕ್ಕು ಅವರಿಗೆ ಎರಡು ಕಡೆಯಿಂದ ಬಂದಿದೆ, ಎರಡನ್ನೂ ಅವರು ಪೂರ್ತಿ ಬಳಸುತ್ತಾರೆ. ದೇವರ ಹೆಸರಲ್ಲಿ ಹೊಲದಲ್ಲೋ ಗುಡ್ಡದ ಬುಡದಲ್ಲೋ ಬಂಧುಬಳಗವೆಲ್ಲ ಸೇರಿ ಮಾಡುವ ಊಟಕ್ಕೆ ನಮ್ಮ ಕಡೆ ಪರೇವು ಎನ್ನುತ್ತಾರೆ. ಹಿರಿಯೂರಿನಿಂದ ಹೊಸದುರ್ಗದ ತನಕ ಕುರಿ ಸಾಕುವ ಮನೆಗಳಲ್ಲಿ ಪರೇವು ಇರಲಿ, ಬೀಗರೂಟ ಇರಲಿ, ಮೊದಲು ಹೇಳಿಕಳಿಸುವುದು ಮಾವನಿಗೆ. ಮಾವ ಬರುವ ದಿನ ನೋಡಿಕೊಂಡು ದೇವರ ದಿನ ಗೊತ್ತು ಮಾಡುವ ಮನೆಗಳೂ ಇವೆ.

ಈ ಊಟಕ್ಕೊಂದು ಕಟ್ಟುಪಾಡು ಇದೆ. ದೇವರಿಗೆ ಎಡೆ ಇಡುವ ತನಕ ಅಡುಗೆಯವನು ಒಂದು ಹನಿ ಸಾರನ್ನೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಉಪ್ಪು ನೋಡುವಂತಿಲ್ಲ, ಖಾರ ನೋಡುವಂತಿಲ್ಲ. ಹೋಟೆಲಿನ ಅಡುಗೆಯವನು ಅಂಗೈ ಮೇಲೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕಿ ತೀರ್ಮಾನಿಸುವುದನ್ನು ನಾವು ನೋಡಿಯೇ ತೀರ್ಮಾನಿಸಬೇಕು. ಸಾರಿನ ಬಣ್ಣ, ಮೇಲೆ ತೇಲುವ ಎಣ್ಣೆ, ತುಂಡು ಬೆಂದ ಬಗೆ, ಎಲ್ಲ ಕಣ್ಣಿನ ಲೆಕ್ಕ. ಹಾಗಾಗಿ ಈ ಕಸುಬಿನಲ್ಲಿ ನಾಲಿಗೆ ಇಲ್ಲದಿದ್ದರೂ ನಡೆದೀತು, ಕಣ್ಣು ಇಲ್ಲದೆ ನಡೆಯುವುದಿಲ್ಲ.

ಮಾವನಿಗೆ ಆ ಕಣ್ಣುಗಳೇ ಮಂಜಾಗತೊಡಗಿದವು. ಎರಡಕ್ಕೂ ಪೊರೆ. ಆಪರೇಷನ್ ಮಾಡಿಸೋಣ ಎಂದರೆ ಒಪ್ಪಲಿಲ್ಲ. ಕತ್ತರಿಗೆ ಹೆದರಿದ್ದಲ್ಲ. ಆಪರೇಷನ್ ಆದವರು ಕೆಲವು ವಾರ ಬೆಂಕಿ, ಹೊಗೆಯ ಹತ್ತಿರ ಸುಳಿಯಬಾರದು ಎಂದು ಯಾರೋ ಅವರಿಗೆ ಹೇಳಿದ್ದರು. ಅಷ್ಟರಲ್ಲಿ ಜನ ಬೇರೆಯವರನ್ನು ಕರೆದು ರೂಢಿ ಮಾಡಿಕೊಂಡರೆ ತನ್ನ ಸೌಟು ಕೈಬಿಟ್ಟು ಹೋಗುತ್ತದೆ ಎಂಬುದು ಅವರ ಭಯ. ಕಣ್ಣು ಕಾಣುವುದಿಲ್ಲ ಎಂದು ನಾಲ್ಕು ಜನಕ್ಕೆ ಗೊತ್ತಾದರೂ ಸೌಟು ಹೋಗುತ್ತದೆ. ಒಂದು ದಿನ ಅತ್ತೆ ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು: "ನೋಡಪ್ಪ, ಅವರ ಕಣ್ಣಿನ ಸುದ್ದಿ ಒಲೆ ದಾಟಿ ಹೋಗ್ಬಾರ್ದು. ಸೌಟು ಬಿಟ್ರೆ ಆ ಮನುಷ್ಯ ಉಳಿಯಲ್ಲ. ಆಪರೇಷನ್ನಿಗೆ ಒಪ್ಪೋತನಕ ನೀನೇ ಅವರಿಗೆ ಕಣ್ಣಾಗಿರು."

ಆಗಲಿ ಎಂದೆ. ಆಮೇಲೆ ಆದದ್ದೆಲ್ಲ ಈ ಒಂದು ಮಾತಿನಿಂದ.

ಅಂಗಡಿ

ನಮ್ಮ ಒಲೆ ಉರಿಯುವುದು ಹೆಚ್ಚಾಗಿ ಬೆಳಗಿನ ಜಾವ, ಇಲ್ಲವೇ ಎಡೆ ಸಂಜೆಗಿದ್ದರೆ ಹೊತ್ತು ಮುಳುಗಿದ ಮೇಲೆ. ಹೊಲದಲ್ಲಿ ಕರೆಂಟು ಎಲ್ಲಿಂದ ಬರಬೇಕು? ಮೊಬೈಲಿನ ಟಾರ್ಚು ಹಿಡಿದರೆ ಆ ಬೆಳಕು ಕೊಪ್ಪರಿಗೆಯ ಹಬೆಯಲ್ಲೇ ನಿಂತುಬಿಡುತ್ತಿತ್ತು, ಸಾರಿನ ತನಕ ಇಳಿಯುತ್ತಿರಲಿಲ್ಲ. ಒಳ್ಳೆಯ ಟಾರ್ಚು ಬೇಕೆಂದು ಚಿತ್ರದುರ್ಗಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಒಬ್ಬ ವಯಸ್ಸಾದ ಭಾಯಿ ಕೂತಿದ್ದರು.

"ಯಾವ ಕೆಲಸಕ್ರಿ?"

"ಅಡುಗೆಗೆ."

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ಒಳಗಿನ ಗಾಜಿನ ಕಪಾಟಿನಿಂದ ಒಂದು ಕರಿಯ ಟಾರ್ಚು ತೆಗೆದು ನನ್ನ ಮುಂದೆ ಇಟ್ಟರು. ಅಂಗೈಯಷ್ಟುದ್ದ, ಪೂರ್ತಿ ಲೋಹ, ಬಾಯಿಯ ಸುತ್ತ ಗರಗಸದಂತೆ ಹಲ್ಲು. "ಇದಕ್ಕೆ ಟ್ಯಾಕ್ಟಿಕಲ್ ಟಾರ್ಚು ಅಂತಾರ್ರಿ. ಪೊಲೀಸ್ರು, ಮಿಲಿಟರಿಯೋರು ಇಟ್ಕಳ್ಳೋದು. ಕಳ್ಳನ ಮುಖಕ್ಕೆ ಬಿಟ್ರೆ ಅಲ್ಲೇ ಕುಂತ್ಕಂತಾನೆ."

"ಈ ಹಲ್ಲು ಯಾಕ್ರಿ ಭಾಯಿ?"

"ಆಕ್ಸಿಡೆಂಟ್ ಆದಾಗ ಕಾರಿನ ಗಾಜು ಒಡೆಯಾಕೆ."

"ನಾವು ಕೊಪ್ಪರಿಗೆ ಮುಂದೆ ನಿಲ್ಲೋರು."

"ಹಂಗಾದ್ರೆ ತೆಂಗಿನಕಾಯಿ ಒಡೀರಿ" ಎಂದರು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. "ಕೋಟೆ ಬುಡದಾಗೆ ನಿಂತು ಬಿಟ್ರೆ ಮ್ಯಾಲಿನ ಬುರುಜು ಕಾಣ್ತೈತೆ. ಅಷ್ಟು ದೂರ ಹೋಗ್ತೈತೆ ಬೆಳಕು."

"ನಮಗೆ ಸೌಟಿನ ತುದಿ ಕಂಡ್ರೆ ಸಾಕ್ರಿ."

ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. "ನಿಮ್ಮ ಸೌಟು ಎಷ್ಟುದ್ದ ಐತ್ರಿ?"

ಕೊಂಡು ತಂದೆ. ಈಗ ಇದನ್ನು ಮಾವನ ಮುಂದೆ ಇಡುವುದು ಹೇಗೆ ಎಂಬುದು ದೊಡ್ಡ ಯೋಚನೆಯಾಯಿತು. ನಿಮಗೆ ಕಾಣುವುದಿಲ್ಲವಲ್ಲ ಎಂದರೆ ಟಾರ್ಚು ಬಾವಿಗೆ ಬೀಳುತ್ತದೆ, ಅದರ ಹಿಂದೆ ನಾನು. ದಾರಿಯುದ್ದಕ್ಕೂ ಲೆಕ್ಕ ಹಾಕಿ ಕೊನೆಗೆ ತಪ್ಪನ್ನು ನನ್ನ ಮೇಲೇ ಹಾಕಿಕೊಂಡೆ. "ಮಾವ, ಕತ್ತಲಲ್ಲಿ ನನಗೆ ಯಾಕೋ ಸಾರು ಸರಿಯಾಗಿ ಕಾಣಲ್ಲ. ಅದಕ್ಕೆ ಇದನ್ನ ತಂದೆ."

ಮಾವ ಟಾರ್ಚನ್ನು ತಿರುಗಿಸಿ ತಡವಿ ನೋಡಿದರು. ಆಮೇಲೆ ನನ್ನ ಮುಖದ ಹತ್ತಿರ ಬಂದು, ನಿಜವಾದ ಕಾಳಜಿಯಿಂದ ಹೇಳಿದರು: "ಈ ವಯಸ್ಸಿಗೇ ಕಣ್ಣು ಹೋಯ್ತೇನಲೇ ನಿಂದು? ಸುಮ್ನೆ ಮುಚ್ಚಿಟ್ಕಂಡು ಕುಂದ್ರಬ್ಯಾಡ, ಆಸ್ಪತ್ರೆಗೆ ಹೋಗಿ ತೋರ್ಸು."

ಮಳೆ

ಟಾರ್ಚಿನ ಮೊದಲ ಕೆಲಸ ಮತ್ತೋಡು ಕಡೆ, ಕುರಿ ಕೂಡುವ ರೊಪ್ಪದ ಪಕ್ಕದ ಹೊಲದಲ್ಲಿ. ಹೊತ್ತು ಮುಳುಗಿತ್ತು, ಎಡೆಗೆ ಇನ್ನೂ ಸಮಯವಿತ್ತು. ಮಾವ ಕೊಪ್ಪರಿಗೆಯ ಮುಂದೆ, ನಾನು ಅವರ ಹಿಂದೆ ಟಾರ್ಚು ಹಿಡಿದುಕೊಂಡು. ಅದಕ್ಕಿರುವುದು ಒಂದೇ ಗುಂಡಿ. ಒತ್ತಿದರೆ ಜೋರು ಬೆಳಕು, ಮತ್ತೆ ಒತ್ತಿದರೆ ಸಣ್ಣ ಬೆಳಕು, ಇನ್ನೊಮ್ಮೆ ಒತ್ತಿದರೆ ಕಳ್ಳನಿಗೆ ಕಣ್ಣುಕತ್ತಲೆ ಬರಿಸುವ ಪಟಪಟ ಬೆಳಕು. ಇಷ್ಟನ್ನು ಅಂಗಡಿಯ ಭಾಯಿ ಹೇಳಿದ್ದರು. ಎಣ್ಣೆ ಹತ್ತಿದ ಹೆಬ್ಬೆರಳು ಆ ಗುಂಡಿಯ ಮೇಲೆ ನಿಲ್ಲುವುದಿಲ್ಲ ಎಂಬುದನ್ನು ಅವರು ಹೇಳಿರಲಿಲ್ಲ, ಅವರಿಗೆ ಗೊತ್ತೂ ಇರಲಿಕ್ಕಿಲ್ಲ.

ಬೆರಳು ಜಾರಿತು. ಹೊಲವೆಲ್ಲ ಪಟಪಟ ಬೆಳಗಿ ಆರಿ, ಬೆಳಗಿ ಆರಿ, ನೋಡಿದವರಿಗೆ ತಲೆ ಸುತ್ತುವಂತಾಯಿತು. ರೊಪ್ಪದ ಕುರಿಗಳು ಒಂದರ ಮೇಲೊಂದು ಬಿದ್ದು ಮೂಲೆ ಸೇರಿದವು. ನಾಯಿಗಳು ನನ್ನ ಕಡೆ ತಿರುಗಿ ಬೊಗಳಿದವು. ಮಾವ ಸೌಟು ನಿಲ್ಲಿಸಿ ಮುಖ ಮೇಲೆತ್ತಿದರು.

"ಮಿಂಚು ಕಣ್ರಲೇ! ಮಳೆ ಬಂತು! ಒಲೆಗೆ ತಗಡು ಅಡ್ಡ ಹಿಡೀರಿ, ಸೌದೆ ಮುಚ್ರಿ!"

ಮಾವ, ಅದು ಟಾರ್ಚು ಎಂದು ಹೇಳಿದರೆ, ಬೆನ್ನ ಹಿಂದಿನ ಟಾರ್ಚಿಗೂ ಆಕಾಶದ ಮಿಂಚಿಗೂ ವ್ಯತ್ಯಾಸ ತಿಳಿಯದ ಕಣ್ಣು ಎಂದು ಅಲ್ಲಿದ್ದವರಿಗೆಲ್ಲ ಸಾರಿದಂತೆ. ಹೇಳದಿದ್ದರೆ ಮಳೆ ಎಲ್ಲಿಂದ ತರಲಿ? ಪರೇವು ಮಾಡಿಸುತ್ತಿದ್ದ ಕುರಿಗಾಹಿ ಯಜಮಾನ ಪಕ್ಕದಲ್ಲೇ ನಿಂತಿದ್ದರು. ಅವರು ಆಕಾಶ ನೋಡಿದರು, ಅಲ್ಲಿ ನಕ್ಷತ್ರಗಳು ತುಂಬಿದ್ದವು. ಮಾವನನ್ನು ನೋಡಿದರು. ಕೊನೆಗೆ ನನ್ನ ಕೈಯಲ್ಲಿದ್ದದ್ದನ್ನು ನೋಡಿದರು. ನಾನು ಕಣ್ಣಲ್ಲೇ ಕೈಮುಗಿದೆ.

ಅವರು ನಿಧಾನವಾಗಿ ತಮ್ಮ ಜನರ ಕಡೆ ತಿರುಗಿ, "ಕೇಳಿಸ್ಲಿಲ್ವೇನ್ರಲೇ? ತಗಡು ತರ್ರಿ" ಎಂದರು.

ತಗಡು ಬಂತು. ನಾಲ್ವರು ಒಲೆಯ ಮೇಲೆ ಅಡ್ಡ ಹಿಡಿದು ನಿಂತರು. ಅಷ್ಟರಲ್ಲಿ ನಾನು ಬೆರಳು ಒರೆಸಿಕೊಂಡು ಗುಂಡಿ ಒತ್ತಿ ಆ ದರಿದ್ರ ಬೆಳಕನ್ನು ಆರಿಸಿದೆ. ಮಾವ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, "ಹೋಯ್ತು ಬಿಡ್ರಿ, ಮೋಡ ತೇಲಿ ಹೋಯ್ತು" ಎಂದರು.

"ಹೂಂ ಯಜಮಾನ್ರೆ. ನಾಕು ಹನಿ ಬಿದ್ದಂಗಿತ್ತು" ಎಂದ ಆ ಕುರಿಗಾಹಿ, ಹೆಗಲ ಮೇಲಿನ ಟವೆಲ್ ತೆಗೆದು ತಮ್ಮ ಒಣತಲೆಯನ್ನು ಚೆನ್ನಾಗಿ ಒರೆಸಿಕೊಂಡರು.

ಬಣ್ಣ

ಹಿರಿಯೂರು ಕಡೆ ಒಂದು ಬೀಗರೂಟ. ಹೆಣ್ಣು ಕೊಟ್ಟ ಮನೆಯವರು ಗಂಡಿನ ಕಡೆಯವರನ್ನು ಕರೆದು ಮಾಡುವ ಊಟ. ಬೀಗರಿಗೆ ಮಾಡಿದ್ದಾದರೂ ಮೊದಲ ಎಡೆ ಮನೆದೇವರಿಗೆ, ಹಾಗಾಗಿ ಅಲ್ಲೂ ರುಚಿ ನೋಡುವಂತಿಲ್ಲ. ಬೆಳಗಿನ ಜಾವವೇ ಒಲೆ ಹೂಡಿದೆವು. ಖಾರ ಬೀಳುವ ಹೊತ್ತಿಗೆ ಇನ್ನೂ ಬೆಳಕು ಹರಿದಿರಲಿಲ್ಲ.

ಮಿಲಿಟರಿ ಟಾರ್ಚಿನ ಒಂದು ಗುಣ ನನಗೆ ಆವತ್ತು ತಿಳಿಯಿತು. ಅದರ ಬೆಳಕು ಸುಣ್ಣದಷ್ಟು ಬಿಳಿ. ಅದರ ಕೆಳಗೆ ಎಂಥ ಕೆಂಪು ಸಾರೂ ಬಿಳಿಚಿಕೊಂಡಂತೆ ಕಾಣುತ್ತದೆ. ನನ್ನ ಕಣ್ಣಿಗೇ ಹಾಗೆ ಕಂಡಿತು, ಪೊರೆ ಬಂದ ಕಣ್ಣಿಗೆ ಇನ್ನು ಹೇಗೆ ಕಾಣಬೇಡ? ಮಾವ ಬಗ್ಗಿ ನೋಡಿ, "ಖಾರ ಹಾಕಿದ್ನೋ ಇಲ್ವೋ?" ಎಂದರು.

"ಹಾಕಿದ್ರಿ ಮಾವ."

"ಹಾಕಿದ್ರೆ ಕಾಣ್ಬೇಕಲ್ಲಲೇ?" ಎಂದು ಇನ್ನೊಂದು ಬೊಗಸೆ ಹಾಕಿದರು. ಕಲಕಿದರು. ಬಗ್ಗಿ ನೋಡಿದರು. ಇನ್ನೊಂದು ಬೊಗಸೆ ಹಾಕಿದರು. ನಾಲಿಗೆಗೆ ಒಂದು ಹನಿ ಮುಟ್ಟಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಆದರೆ ಆ ಮಾತು ಬಾಯಲ್ಲಿ ತರುವಂತಿಲ್ಲ. ಅವರ ಸೌಟು ಉಳಿಸಲು ನಾನೇ ತಂದ ಬೆಳಕು ಅವರ ಕೈ ಕೆಡಿಸುತ್ತಿತ್ತು. ಟಾರ್ಚು ಹಿಡಿದುಕೊಂಡು ನಿಂತಿದ್ದ ನನಗೆ ನನ್ನ ಮೇಲೇ ಸಿಟ್ಟು ಬಂತು.

ಹೊತ್ತೇರಿದ ಮೇಲೆ ಊಟದ ಸಾಲು ಕೂತಿತು. ಬಡಿಸುವುದು ಮನೆಯವರ ಕೆಲಸ. ಅಡುಗೆಯವರು ಒಲೆ ಬಿಟ್ಟು ಊಟದ ಸಾಲಿನ ಕಡೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ನಾನು ದೂರದಿಂದಲೇ ನೋಡುತ್ತಿದ್ದೆ. ಎರಡು ತುತ್ತು ಇಳಿಯುವುದರೊಳಗೆ ಒಬ್ಬರು ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ಪಕ್ಕದವರೂ ಒರೆಸಿಕೊಂಡರು. ನೋಡನೋಡುತ್ತ ಇಡೀ ಸಾಲು ಕಣ್ಣೀರಾಯಿತು. ಆದರೂ ಒಬ್ಬರೂ ಎಲೆ ಬಿಟ್ಟು ಏಳಲಿಲ್ಲ.

"ಮಾವ, ಜನ ಅಳ್ತಾವ್ರೆ" ಎಂದೆ.

ಮಾವ ನಿಟ್ಟುಸಿರು ಬಿಟ್ಟರು. "ಹೆಣ್ಣು ಕೊಟ್ಟ ಮನೆ ಅಂದ್ರೆ ಹಂಗೇ ಕಣಲೇ. ಸಾಕಿದ ಕರುಳು. ಅಳು ಬಂದೇ ಬರ್ತೈತೆ."

"ಅಳ್ತಿರೋರು ಗಂಡಿನ ಕಡೆಯೋರು, ಮಾವ."

ಅಕ್ಕಿ ಚೀಲ

ಹಿರಿಯೂರಿನ ಅಳತೆಯೇ ಅಂದಿನಿಂದ ಕಾಯಂ ಆಯಿತು. ಎಲ್ಲರದೂ ಆದ ಮೇಲೆ ಕೊನೆಗೆ ಉಣ್ಣುವವರು ನಾವು. ಒಲೆಯ ಮುಂದೆ ಹಸಿವು ಸತ್ತ ಮಾವ ಮಜ್ಜಿಗೆ ಅನ್ನವಷ್ಟೇ ಉಣ್ಣುತ್ತಿದ್ದರು. ನನಗೆ ಮಾತ್ರ ಸಾರು ಕಿವಿಯಲ್ಲಿ ಹೊಗೆ ಬರುವಷ್ಟು ಖಾರ ಅನ್ನಿಸುತ್ತಿತ್ತು. ಒಂದು ಸಲ ಬಾಯಿ ಬಿಟ್ಟು ಹೇಳಿದೆ. ಮಾವ ತಣ್ಣಗೆ ಕೇಳಿದರು: "ಉಂಡೋರು ಯಾರಾದ್ರೂ ಅಂದ್ರಾ?" ಯಾರೂ ಅಂದಿರಲಿಲ್ಲ. ಕರೆಯುವವರು ಕಡಿಮೆಯಾಗಿರಲೂ ಇಲ್ಲ. ಊರಿಗಿಲ್ಲದ ಉರಿ ನನ್ನ ನಾಲಿಗೆಗೆ ಯಾಕೆ ಎಂದು ಸುಮ್ಮನಾದೆ.

ಹೊಸದುರ್ಗದ ಕೆಲಸಕ್ಕೆ ಹೋದಾಗ ಕಟ್ಟಿಗೆ ಎಳೆಯಲು, ತಪ್ಪಲೆ ಇಳಿಸಲು ನನಗೆ ಎರಡೂ ಕೈ ಬೇಕಾಗಿದ್ದವು. ಟಾರ್ಚು ಹಿಡಿಯುವವರಿಲ್ಲ. "ತಾರಲೇ ಇಲ್ಲಿ" ಎಂದು ಮಾವ ಅದನ್ನು ಟವೆಲ್ಲಿನಲ್ಲಿ ಸುತ್ತಿ, ಕಿವಿಯ ಮೇಲೆ ಬರುವಂತೆ ತಲೆಗೆ ಕಟ್ಟಿಸಿಕೊಂಡರು. ಕೆಲಸಕ್ಕೆ ಅನುಕೂಲವಾಯಿತು, ನಿಜ. ಆದರೆ ಅವರು ಯಾರ ಕಡೆ ತಿರುಗಿದರೂ ಬುರುಜು ಕಾಣಿಸುವ ಆ ಬೆಳಕು ಸೀದಾ ಅವರ ಮುಖಕ್ಕೇ. ಮಾವ ಮಾತಾಡಿಸಿದವರೆಲ್ಲ ಎರಡೂ ಕೈ ಮೇಲೆತ್ತಿಕೊಂಡೇ ಉತ್ತರ ಕೊಡುತ್ತಿದ್ದರು. ಎಡೆಗೆ ಎಲೆ ತರುತ್ತಿದ್ದ ಪೂಜಾರಿ ಎಲೆ ಬಿಟ್ಟು ಕೈ ಎತ್ತಿದರು.

ಸ್ವಲ್ಪ ಹೊತ್ತಾದ ಮೇಲೆ ಬೈಗುಳ ಶುರುವಾಯಿತು. ಕಟ್ಟಿಗೆ ಹಸಿ ತಂದಿದ್ದೀಯ, ಶುಂಠಿ ಸರಿಯಾಗಿ ಜಜ್ಜಿಲ್ಲ, ನಿನ್ನ ವಯಸ್ಸಿನಲ್ಲಿ ನಾನು ಹೀಗಿರಲಿಲ್ಲ, ಎಲ್ಲ ನನಗೆ ಬಾಯಿಪಾಠವಾದ ಮಾತುಗಳೇ. ವಿಚಿತ್ರ ಏನೆಂದರೆ ನಾನು ಅವರ ಬೆನ್ನ ಹಿಂದೆ ತಪ್ಪಲೆ ತೊಳೆಯುತ್ತಿದ್ದೆ. ಬೆಳಕು ಬಿದ್ದಿದ್ದು ಎದುರಿನ ಅಕ್ಕಿ ಚೀಲದ ಮೇಲೆ. ಚೀಲದ ಮೇಲೆ ನಾನು ಕಳಚಿಟ್ಟ ಅಂಗಿ ಇತ್ತು. ಮಾವ ಚೀಲಕ್ಕೆ ಬೆರಳು ತೋರಿಸಿ, "ಏನಾದ್ರೂ ಮಾತಾಡು. ಗೂಬೆ ನಿಂತಂಗೆ ನಿಂತಿದೀಯಲ್ಲ" ಎನ್ನುತ್ತಿದ್ದರು.

ನಗಬೇಕಾದ ಹೊತ್ತು. ನನಗೆ ನಗು ಬರಲಿಲ್ಲ. ನಾನು ಚಿಕ್ಕವನಿದ್ದಾಗ ಇದೇ ಮನುಷ್ಯ ಕೊಪ್ಪರಿಗೆಯ ಈ ಬದಿಯಲ್ಲಿ ನಿಂತು ಆ ಬದಿಯಲ್ಲಿ ಒಂದು ಕರಿಬೇವಿನ ಎಲೆಗೆ ಹುಳ ಹತ್ತಿದ್ದನ್ನು ಕಂಡು ತೆಗೆಸಿದ್ದರು. ಈಗ ಅವರಿಗೆ ನನಗೂ ಚೀಲಕ್ಕೂ ವ್ಯತ್ಯಾಸ ತಿಳಿಯುತ್ತಿಲ್ಲ. ಎದ್ದು ಹೋಗಿ ಹಿಂದಿನಿಂದ ಮೆಲ್ಲಗೆ, "ಮಾವ, ನಾನು ಇಲ್ಲಿದೀನಿ" ಎಂದೆ.

ಮಾವ ಒಂದು ಹೆಜ್ಜೆ ಮುಂದೆ ಹೋದರು. ಕೈ ಚಾಚಿ ಚೀಲವನ್ನು ಮುಟ್ಟಿದರು, ಅಂಗಿಯನ್ನು ಮುಟ್ಟಿದರು. ನನ್ನ ಕಡೆ ತಿರುಗಲಿಲ್ಲ.

"ಇದೇ ವಾಸಿ ಬಿಡು" ಎಂದರು. "ಎದುರು ಮಾತಾಡಲ್ಲ."

ಡಾಕ್ಟ್ರು

ಆವತ್ತು ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅತ್ತೆ ಮುದ್ದೆ ಕಟ್ಟುವುದನ್ನು ನಿಲ್ಲಿಸಿ ನಡುಮನೆಗೆ ಹೋಗಿ ನಿಂತರು. "ನಾಳೆ ಬೆಳಿಗ್ಗೆ ದುರ್ಗಕ್ಕೆ ಹೋಗಾಣ. ಒಂದು ಕಣ್ಣಾದ್ರೂ ಮಾಡಿಸ್ಕಳ್ರಿ."

ಮಾವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. "ವಾರಗಟ್ಲೆ ಒಲೆ ಹತ್ರ ಬಿಡಲ್ಲ ಅಂತಾರೆ. ಅಷ್ಟರಾಗೆ ಜನ ಇವನ ಕೈರುಚಿಗೆ ಹೊಂದಿಕೊಂಡ್ರೆ ನನ್ನ ಗತಿ?"

"ಅವನ ಕೈರುಚಿ ನಾನು ಉಂಡಿದೀನಿ" ಎಂದರು ಅತ್ತೆ. "ಆ ಭಯ ಬ್ಯಾಡ್ರಿ."

ಮಾವನ ಮುಖದಲ್ಲಿ ಅಷ್ಟು ನೆಮ್ಮದಿ ನಾನು ಬಹಳ ದಿನದಿಂದ ನೋಡಿರಲಿಲ್ಲ. ಮರುದಿನವೇ ಹೊರಟರು. ನನಗಾದ ಅವಮಾನವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಒಳ್ಳೆಯ ಹುಡುಗ, ಸೌಮ್ಯವಾಗಿ ಮಾತಾಡಿಸಿದರು. ಪೆನ್ನಿನಷ್ಟು ಸಣ್ಣದೊಂದು ಟಾರ್ಚು ತೆಗೆದು ಮಾವನ ಕಣ್ಣಿಗೆ ಹಿಡಿದರು. ಮಾವ ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ ಅವರಿಗೆ ಡಾಕ್ಟರ ಬಗ್ಗೆ ಮರುಕ ಬಂತು.

"ಇಷ್ಟು ಬೆಳಕಲ್ಲಿ ನಿಮಗೆ ಏನು ಕಾಣ್ತೈತ್ರಿ ಸ್ವಾಮಿ? ತಗಳ್ರಿ, ಇದರಲ್ಲಿ ನೋಡ್ರಿ" ಎಂದು ಅಂಗಿಯ ಜೇಬಿನಿಂದ ಮಿಲಿಟರಿ ಟಾರ್ಚು ತೆಗೆದರು. ಕೊಡುವ ಮುಂಚೆ ಸರಿಯಾಗಿ ಹತ್ತುತ್ತದೋ ಇಲ್ಲವೋ ಎಂದು ಒಮ್ಮೆ ಒತ್ತಿ ನೋಡಿದರು. ಟಾರ್ಚಿನ ಬಾಯಿ ಡಾಕ್ಟರ ಕಡೆಗಿತ್ತು.

ಡಾಕ್ಟರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹಿಂದಕ್ಕೆ ಸರಿದರು. ನರ್ಸ್ ಬಂದು ತೋಳು ಹಿಡಿದು ಕುರ್ಚಿಗೆ ಕೂರಿಸಿದರು. "ಒಂದು ನಿಮಿಷ ತಡೀರಿ, ನನಗೆ ಏನೂ ಕಾಣ್ತಾ ಇಲ್ಲ" ಎಂದರು ಡಾಕ್ಟರು.

ಮಾವ ನನ್ನ ಕಿವಿಯ ಹತ್ತಿರ ಬಗ್ಗಿ, "ಪಾಪ, ಚಿಕ್ಕ ವಯಸ್ಸು. ಅವರಿಗೂ ಪೊರೆ ಬಂದಂಗೈತೆ" ಎಂದರು.

ಕುರ್ಚಿ

ಆದರೂ ಆ ಡಾಕ್ಟರು ದ್ವೇಷ ಸಾಧಿಸಲಿಲ್ಲ. ಬಲಗಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಎಡಗಣ್ಣಿಗೂ ದಿನ ಹೇಳುತ್ತೇನೆ ಎಂದಾಗ ಮಾವ, "ಒಂದರಲ್ಲೇ ಸಾಕು ಬಿಡ್ರಿ, ಸೌಟು ಒಂದೇ ತಾನೇ" ಎಂದು ಎದ್ದು ಬಂದರು. ಇನ್ನೊಂದು ಸಲ ವಾರಗಟ್ಟಲೆ ಒಲೆ ಬಿಟ್ಟಿರಲು ಅವರು ತಯಾರಿರಲಿಲ್ಲ.

ಹೊಗೆಯ ಹತ್ತಿರ ಹೋಗಬಾರದ ಆ ದಿನಗಳಲ್ಲೇ ಹೊಳಲ್ಕೆರೆ ಪಕ್ಕದ ಒಂದು ಹಳ್ಳಿಯಿಂದ ಕರೆ ಬಂತು. ಆ ಮನೆಯ ಹಿರಿಯಳು ಒಬ್ಬ ಮುದುಕಿ, ಆಕೆಯ ಮಾತು ಮೀರುವವರು ಆ ಕಡೆ ಯಾರೂ ಇಲ್ಲ. ಪರೇವಿನ ದಿನ ಮುಂದಕ್ಕೆ ಹೋಗುವಂತಿರಲಿಲ್ಲ. "ಅಳಿಯ ಸೌಟು ಹಿಡೀಲಿ, ನಾನು ಕುಂತು ನೋಡ್ಕಂತೀನಿ" ಎಂದು ಮಾವ ಒಪ್ಪಿಕೊಂಡರು. ಅವರು ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದನ್ನು ಅತ್ತೆ ನನಗೆ ಹೇಳಿದರು. ಜನ ಅಳಿಯನ ಅಡುಗೆಯೇ ಸಾಕು ಎಂದುಬಿಟ್ಟರೆ? ನಾನೂ ಮಲಗಿರಲಿಲ್ಲ. ಅಳಿಯನ ಅಡುಗೆ ಬೇಡವೇ ಬೇಡ ಎಂದುಬಿಟ್ಟರೆ?

ಒಲೆಯಿಂದ ದೂರ, ಗಾಳಿ ಬರುವ ದಿಕ್ಕಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ಮಾವ ಅದರಲ್ಲಿ, ಪಕ್ಕದಲ್ಲಿ ಕಾವಲಿಗೆ ಅತ್ತೆ. ಕತ್ತಲಾಗುತ್ತಿದ್ದಂತೆ ಮಾವ ಕಪ್ಪು ಕನ್ನಡಕ ತೆಗೆದು ಟಾರ್ಚು ಕೈಗೆ ತೆಗೆದುಕೊಂಡರು. ಅಲ್ಲಿಂದಲೇ ಕೆಲಸ ಮಾಡಿಸಿದರು. ಬೆಳಕು ಉಪ್ಪಿನ ಡಬ್ಬಿಯ ಮೇಲೆ ಬಿದ್ದರೆ ಉಪ್ಪು. ಕಟ್ಟಿಗೆಯ ಮೇಲೆ ಬಿದ್ದರೆ ಉರಿ ಹೆಚ್ಚು ಮಾಡು. ನನ್ನ ಮುಖದ ಮೇಲೆ ಬಿದ್ದರೆ ಬೈಗುಳ ಬರುತ್ತಿದೆ ಎಂದರ್ಥ. ಹಲ್ಲಿನ ಟಾರ್ಚಿಗೆ ಇಂಥ ಉಪಯೋಗ ಇದೆಯೆಂದು ಅದನ್ನು ಮಾಡಿದವರಿಗೂ ತಿಳಿದಿರಲಾರದು.

ಖಾರ ಹಾಕಿ ಕಲಕಿದೆ. ಬೆಳಕು ಕೊಪ್ಪರಿಗೆಯ ಮೇಲೆ ಬಂದು ನಿಂತಿತು. ಬಹಳ ಹೊತ್ತು ಅಲ್ಲಾಡಲಿಲ್ಲ.

"ಲೇ! ಈ ಬಿಳಿ ಬೆಳಕಲ್ಲೂ ಯಾಕಿಷ್ಟು ಕೆಂಪಗೈತೆ? ಎಷ್ಟು ಸುರಿದೆ?"

"ನೀವು ದಿನಾ ಹಾಕೋ ಅಳತೆನೇ, ಮಾವ."

"ಸುಳ್ಳು ಹೇಳ್ಬ್ಯಾಡ!"

"ದೇವರ ಮುಂದೆ ನಿಂತು ಹೇಳ್ತಿದೀನಿ. ಹಿರಿಯೂರಿನ ಬೀಗರೂಟದಿಂದ ಇದೇ ಅಳತೆ."

ಬೆಳಕು ಆರಿತು. ಸಾರನ್ನು ಏನೂ ಮಾಡುವಂತಿರಲಿಲ್ಲ, ಎಡೆಯ ಹೊತ್ತಾಗಿತ್ತು. ಪೂಜಾರಿ ಎಡೆ ಇಟ್ಟರು, ಕಾಯಿ ಒಡೆದರು, ಮನೆಯ ಹುಡುಗರು ಬಕೆಟ್ಟು ತುಂಬಿಕೊಂಡು ಬಡಿಸಲು ಹೋದರು.

ಆಗ ಮಾವ ಕುರ್ಚಿ ಬಿಟ್ಟು ಎದ್ದರು. ಅತ್ತೆ ತಡೆಯಲು ಹೋದರೆ, "ಒಲೆ ಹತ್ರ ಹೋಗ್ತಿಲ್ಲ ಮಾರಾಯ್ತಿ" ಎಂದು ಊಟದ ಸಾಲಿನ ಕಡೆ ನಡೆದರು. ಅಡುಗೆಯವರು ಆ ಕಡೆ ಹೋಗುವ ಪದ್ಧತಿ ಇಲ್ಲ ಎಂದೆನಲ್ಲ, ಆದರೆ ಆವತ್ತು ಅವರ ಕೈಯಲ್ಲಿ ಸೌಟು ಇರಲಿಲ್ಲ. ನಾನು ಕೈ ಒರೆಸಿಕೊಂಡು ಹಿಂದೆ ಓಡಿದೆ. ಖಾರದ ತಪ್ಪನ್ನು ಜನರ ಎದುರು ನನ್ನ ತಲೆಗೆ ಕಟ್ಟುತ್ತಾರೆ ಎಂದುಕೊಂಡೆ, ಕಟ್ಟಿದರೆ ಒಪ್ಪಿಕೊಂಡುಬಿಡುವುದು ಎಂದೂ ನಿಶ್ಚಯ ಮಾಡಿಕೊಂಡೆ.

ಮಾವ ಸಾಲಿನ ತುದಿಯಲ್ಲಿ ನಿಂತು ಟಾರ್ಚು ಹಾಕಿದರು. ಹೊಸ ಕಣ್ಣಿನಲ್ಲಿ ಅವರು ಊಟದ ಸಾಲನ್ನು ನೋಡಿದ್ದು ಅದೇ ಮೊದಲು. ಬೆಳಕು ಒಬ್ಬೊಬ್ಬರ ಎಲೆಯ ಪಕ್ಕದಲ್ಲೂ ನಿಂತು ನಿಂತು ಮುಂದೆ ಹೋಯಿತು. ಒಂದೊಂದು ಮನೆಯವರ ಪಕ್ಕದಲ್ಲೂ ಒಂದೊಂದು ಸ್ಟೀಲ್ ಕ್ಯಾನು ಇತ್ತು, ಮುಚ್ಚಳದ ಸಮೇತ. ಜನ ಒಂದು ತುತ್ತು ಮುದ್ದೆ ನುಂಗುವುದು, ಕ್ಯಾನಿನಿಂದ ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿಯುವುದು, ಮತ್ತೆ ತುತ್ತು. ಹಿರಿಯಳಾದ ಮುದುಕಿ ಸಾಲಿನ ತಲೆಯಲ್ಲೇ ಕೂತಿದ್ದಳು. ಬೆಳಕು ಅವಳ ಕ್ಯಾನಿನ ಮೇಲೆ ನಿಂತಿತು.

"ಅದೇನವ್ವ ಕ್ಯಾನಿನಾಗೆ?"

"ಮಜ್ಜಿಗೆ ಕಣಪ್ಪ."

"ಊಟದ ಕೊನೆಗೆ ಮಜ್ಜಿಗೆ ನಾವೇ ಕೊಡ್ತೀವಲ್ಲ?"

"ಅದು ಕೊನೆಗಾಯ್ತು. ಅಲ್ಲೀತನಕ ಬದುಕ್ಬೇಕಲ್ಲ?"

ಯಾರೂ ನಗಲಿಲ್ಲ. ಮಾವ ಕೇಳಿದರು: "ಎಲ್ಲರೂ ಮನೆಯಿಂದಲೇ ತಂದಿದೀರಾ?"

"ನೀನು ಅಡುಗೆಗೆ ಬರ್ತೀಯ ಅಂದ್ರೆ ಎಲ್ಲರೂ ತರ್ತಾರಪ್ಪ. ಹಿರಿಯೂರು ಕಡೆಯೋರೂ ತರ್ತಾರೆ, ಮತ್ತೋಡು ಕಡೆಯೋರೂ ತರ್ತಾರೆ. ನಿನ್ನ ಕಣ್ಣು ಮಂಜಾದಾಗಿಂದ ಹಿಂಗೇ."

ಟಾರ್ಚು ತಟ್ಟನೆ ನನ್ನ ಮುಖಕ್ಕೆ ತಿರುಗಿತು. ನಾನು ಎರಡೂ ಕೈ ಮೇಲೆತ್ತಿದೆ.

"ಅವನು ಹೇಳಿಲ್ಲ" ಎಂದಳು ಮುದುಕಿ. "ಬೆಳಕು ತೆಗಿ ಅವನ ಮುಖದಿಂದ. ಯಾರು ಹೇಳ್ಬೇಕಪ್ಪ? ನಮ್ಮ ನಾಲಿಗೆ ಹೇಳ್ತು."

"ಮತ್ತೆ ಒಬ್ಬರಾದ್ರೂ ನನಗೆ ಒಂದು ಮಾತು ಅನ್ನಲಿಲ್ಲವಲ್ಲವ್ವ?"

"ಅಂದಿದ್ರೆ ನೀನು ಅಲ್ಲೇ ಸೌಟು ಇಟ್ಟು ಹೋಗಿರ್ತಿದ್ದೆ. ನಿನ್ನ ಮೂಗಿನ ತುದಿ ಕೋಪ ನಮಗೆ ಗೊತ್ತಿಲ್ವಾ? ನನ್ನ ಮಕ್ಕಳ ಮದುವೆ ಊಟ ನಿನ್ನ ಕೈಯಾಗೆ ಆಗೈತೆ, ಮೊಮ್ಮಕ್ಕಳದೂ ಆಗೈತೆ. ಖಾರಕ್ಕೆ ಮಜ್ಜಿಗೆ ಐತೆ. ನೀನು ಹೋದ್ರೆ ನಾವು ಯಾರನ್ನ ಕರೀಬೇಕಿತ್ತು?"

ಮಾವ ಟಾರ್ಚು ಆರಿಸಿದರು. ಒಲೆಯ ಉರಿಯ ಬೆಳಕಷ್ಟೇ ಉಳಿಯಿತು. ನನಗೆ ಕಣ್ಣು ತುಂಬಿ ಬಂತು, ಅದು ಖಾರದಿಂದಲ್ಲ. ಊರಿಗೆ ಗೊತ್ತಾಗಬಾರದೆಂದು ಅತ್ತೆ, ನಾನು ಎಷ್ಟೆಲ್ಲ ಜತನ ಮಾಡಿದ್ದೆವು. ಊರು ತನಗೆ ಗೊತ್ತೆಂಬುದು ನಮಗೆ ಗೊತ್ತಾಗಬಾರದೆಂದು ಅದಕ್ಕಿಂತ ಹೆಚ್ಚು ಜತನ ಮಾಡಿತ್ತು. ಮಾವ ಬೆರಳಿನಿಂದ ಕಣ್ಣಂಚು ಒತ್ತಿಕೊಂಡರು.

"ಕಣ್ಣಿಗೆ ಕೈ ಹಾಕಬ್ಯಾಡ್ರೀ!" ಎಂದು ಅತ್ತೆ ದೂರದಿಂದ ಕೂಗಿದರು.

ಸಾಲಿನ ಮಧ್ಯದಿಂದ ಒಬ್ಬ ನಡುವಯಸ್ಸಿನವನು ಕ್ಯಾನು ಎತ್ತಿ ಹಿಡಿದು, ಬಹಳ ಮರ್ಯಾದೆಯಿಂದ ಕೇಳಿದ: "ಯಜಮಾನ್ರೆ, ಈಗ ಹೆಂಗೂ ಕಣ್ಣು ಬಂತಲ್ಲ. ಮುಂದಿನ ಸಲ ಮಜ್ಜಿಗೆ ತರೋದೋ, ಬ್ಯಾಡ್ವೋ?"

ಇಡೀ ಸಾಲು ಉಣ್ಣುವುದನ್ನು ನಿಲ್ಲಿಸಿ ಕಾಯಿತು. ಮಾವ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಆ ಕ್ಯಾನನ್ನು ಸ್ವಲ್ಪ ಹೊತ್ತು ನೋಡಿದರು.

"ಇನ್ನೊಂದು ಕಣ್ಣೂ ಮಾಡಿಸ್ಕಂತೀನಿ" ಎಂದರು. "ಅಲ್ಲೀತನಕ ತರ್ರಿ."